ತಂತಿಯಿಲ್ಲದ ಇನ್ನೂರೆಂಬತ್ತೈದು ಗ್ರಾಂ

ಔಡರ್‌ವೀನ್ ಟೆನ್ನಿಸ್ ಸಂಘದ ನಿಯಮಾವಳಿಯ ಪ್ರಕಾರ, ಒಬ್ಬ ಸದಸ್ಯರ ಕೈಗೆ ಎಷ್ಟು ತೂಕದ ರಾಕೆಟ್ ಒಗ್ಗುತ್ತದೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಆ ಕೈಗೆ ಇರುವುದಿಲ್ಲ, ಸಂಘಕ್ಕೆ ಇರುತ್ತದೆ. ಈ ನಿಯಮ ಜಾರಿಗೆ ಬಂದಂದಿನಿಂದ ಸಂಘದಲ್ಲಿ ಒಬ್ಬರಿಗೂ ಮೊಣಕೈ ನೋವು ಬಂದಿಲ್ಲ. ಆದ್ದರಿಂದ ನಿಯಮ ಸರಿಯಾಗಿದೆ.

ನಿಯಮವನ್ನು ಬರೆದವರು ಸಂಘದ ಕಾರ್ಯದರ್ಶಿ ಹರ್ಮಿನಾ ಸ್ಲೋಟ್‌ಬೂಮ್. ಅವರು ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವರು, ಓದಿದ್ದನ್ನು ಊರಿನಲ್ಲಿ ಯಾರೂ ಮರೆಯದಂತೆ ನೋಡಿಕೊಂಡವರು. ಮೂವರು ಹೆಣ್ಣುಮಕ್ಕಳು, ಮೂವರು ಅಳಿಯಂದಿರು, ಐವರು ಮೊಮ್ಮಕ್ಕಳು ಎಲ್ಲರೂ ಸಂಘದ ಸದಸ್ಯರೇ. ಅವರಲ್ಲಿ ಕೆಲವರಿಗೆ ಟೆನ್ನಿಸ್ ಇಷ್ಟವೂ ಇದೆ. ಸಂಘದ ಸಭೆಗಳ ನಡಾವಳಿಯನ್ನು ಹರ್ಮಿನಾ ಎಷ್ಟು ನಿಷ್ಠೆಯಿಂದ ಬರೆಯುತ್ತಾರೆಂದರೆ, ಯಾರಾದರೂ ಕೆಮ್ಮಿದರೆ ಅದು ಒಪ್ಪಿಗೆಯ ಕೆಮ್ಮೋ ವಿರೋಧದ ಕೆಮ್ಮೋ ಎಂದು ಕೇಳಿ ಬರೆದುಕೊಳ್ಳುತ್ತಾರೆ.

ಅವರ ರಾಕೆಟ್ ಮುನ್ನೂರ ನಲವತ್ತೈದು ಗ್ರಾಂ. ಹಿರಿಮಗಳು ಸಾಸ್ಕಿಯಾ ಹುಟ್ಟಿದ ವರ್ಷ ಕೊಂಡದ್ದು. ಸಾಸ್ಕಿಯಾಳಿಗೆ ಈಗ ಓದುವ ಕನ್ನಡಕ ಬಂದಿದೆ, ರಾಕೆಟ್ಟಿಗೆ ಏನೂ ಆಗಿಲ್ಲ. "ಹಗುರ ರಾಕೆಟ್ ಇರೋದು ಬೀರುವಿನ ಮೇಲಿನ ಧೂಳು ಹೊಡೆಯೋದಕ್ಕೆ" ಎಂಬುದು ಹರ್ಮಿನಾರ ಪ್ರಸಿದ್ಧ ವಾಕ್ಯ. ಹೊಸ ಸದಸ್ಯರು ಬಂದಾಗ ಅದನ್ನು ಸ್ವಾಗತ ಭಾಷಣದಲ್ಲಿ ಹೇಳುತ್ತಿದ್ದರು. ಹಳೆಯ ಸದಸ್ಯರೊಬ್ಬರನ್ನು ಮಣ್ಣುಮಾಡಿ ಬಂದು ಕಾಫಿ ಕುಡಿಯುವಾಗಲೂ ಒಮ್ಮೆ ಹೇಳಿದ್ದುಂಟು.

ಈ ವರ್ಷ ಮಾರ್ಚ್ ತಿಂಗಳಲ್ಲಿ ಅವರ ಕ್ಯಾಂಟೀನ್ ಪಾಳಿ ಬಂತು. ನಮ್ಮ ಸಂಘದಲ್ಲಿ ಕ್ಯಾಂಟೀನಿಗೆ ಆಳಿಲ್ಲ; ಸದಸ್ಯರೇ ಸರದಿಯಂತೆ ಕಾಫಿ ಸುರಿಯಬೇಕು, ಮಾಂಸದುಂಡೆ ಕರಿಯಬೇಕು, ಚೀಸ್ ತುಂಡುಮಾಡಿ ಸಾಸಿವೆಯ ಜೊತೆ ಇಡಬೇಕು. ಮದುವೆಗೆ ಬಾರದವನನ್ನು ಕ್ಷಮಿಸಿಯೇವು, ಪಾಳಿಗೆ ಬಾರದವನನ್ನಲ್ಲ. ಅಂದು ಹರ್ಮಿನಾ ಕಾಫಿಯ ದೊಡ್ಡ ಫ್ಲಾಸ್ಕನ್ನು ಎತ್ತಿದರು. ಮೊಣಕೈಯೊಳಗೆ ಕಾಯಿಸಿದ ಸೂಜಿ ಹೊಕ್ಕಂತಾಯಿತು. ಫ್ಲಾಸ್ಕನ್ನು ಮೆಲ್ಲಗೆ ಕೆಳಗಿಟ್ಟರು.

ಎದುರಿಗೆ ಲೋಟ ಹಿಡಿದು ನಿಂತಿದ್ದವಳು ಫೆನ್ನಾ, ಇಪ್ಪತ್ತು ವರ್ಷಕ್ಕೂ ಮೇಲಿಂದ ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ ಹರ್ಮಿನಾರ ಜೊತೆ ಡಬಲ್ಸ್ ಆಡುವ ಗೆಳತಿ.

"ಏನಾಯ್ತೇ?" ಎಂದಳು.

"ಏನಿಲ್ಲ. ಇನ್ಮೇಲೆ ಕಾಫಿ ಅವರವರೇ ಸುರ್ಕೊಳ್ಳೋ ಪದ್ಧತಿ."

"ಯಾವಾಗಿಂದ?"

"ಈಗಷ್ಟೇ ಬಂತು."

ಫೆನ್ನಾ ಒಂದು ಕ್ಷಣ ಹರ್ಮಿನಾರ ಕೈಯನ್ನು ನೋಡಿ, ತಾನೇ ಸುರಿದುಕೊಂಡಳು. ಆ ಪದ್ಧತಿ ಇಂದಿಗೂ ನಡೆಯುತ್ತಿದೆ.

ಮೂಳೆ-ಸ್ನಾಯು ನೋಡುವ ಯೆಲ್ಕಾ ಹರ್ಮಿನಾರ ಮೊಣಕೈಯನ್ನು ಎರಡು ಬೆರಳಲ್ಲಿ ಒತ್ತಿದಳು. ಹರ್ಮಿನಾ ಇತಿಹಾಸ ಓದಿದವರಿಗೆ ಶೋಭಿಸದ ಒಂದು ಶಬ್ದ ಮಾಡಿದರು.

"ಎಷ್ಟು ತೂಕದ್ದು ಹಿಡೀತೀರಿ?"

ಹರ್ಮಿನಾ ಹೇಳಿದರು.

ಯೆಲ್ಕಾ ಕೈಬಿಟ್ಟಳು. "ಅದು ರಾಕೆಟ್ಟಾ, ಬಾಣಲೇನಾ?"

"ನಾನು ಇಷ್ಟು ವರ್ಷದಿಂದ ಅದರಲ್ಲೇ..."

"ಅದನ್ನೇ ಹೇಳ್ತಿರೋದು. ರಾಕೆಟ್ ಹಾಗೇ ಇದೆ, ಕೈಗೆ ವಯಸ್ಸಾಯ್ತು. ಇನ್ನೂರೆಂಬತ್ತೈದರ ಹತ್ತಿರ ಇರೋದು ತಗೊಳ್ಳಿ, ಹಾಯಾಗಿ ಆಡ್ತೀರಿ. ಇದನ್ನೇ ಹಿಡಿದ್ರೆ ಮೇ ತಿಂಗಳಲ್ಲಿ ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಬೇಕಾಗತ್ತೆ. ಅದೂ ಒಂದೇ ಕೈಲಿ."

ಬೇಲಿಯಾಚೆ ನಿಲ್ಲುವುದೆಂದರೇನು ಎಂದು ಹರ್ಮಿನಾರಿಗೆ ಗೊತ್ತಿತ್ತು. ಮಂಗಳವಾರದ ಜೋಡಿಯಲ್ಲಿ ಜಾಗ ಖಾಲಿಯಾಗುವುದನ್ನೇ ಅಧ್ಯಕ್ಷರ ನಾದಿನಿ ಕೋರಾ ಕಾಯುತ್ತಿದ್ದಳು. ಕೋರಾಳ ರಾಕೆಟ್ ಇನ್ನೂರೈವತ್ತು. ಫೆನ್ನಾಳ ಪಕ್ಕದಲ್ಲಿ, ತಾವು ಇಷ್ಟು ವರ್ಷ ನಿಂತ ಎಡಬದಿಯಲ್ಲಿ, ಧೂಳು ಹೊಡೆಯುವ ಕೈಯೊಂದು ನಿಂತಿರುವುದನ್ನು ಹರ್ಮಿನಾ ಕಣ್ಣಮುಂದೆ ತಂದುಕೊಂಡರು. ಮೊಣಕೈಗಿಂತ ಹೆಚ್ಚು ನೋವಾಯಿತು.

ಹಗುರದ ರಾಕೆಟ್ಟೊಂದನ್ನು ಕೊಳ್ಳುವುದು ಕಷ್ಟವಿರಲಿಲ್ಲ; ಅದನ್ನು ಹಿಡಿದು ಸಂಘದ ಬಾಗಿಲು ಹೊಗುವುದು ಕಷ್ಟವಿತ್ತು. ಬದಲಾಯಿಸಬಹುದಾದ ಸಂಗತಿಗಳು ಎರಡೇ ಇದ್ದವು: ಒಂದು, ತಾವು ಆಡಿದ ಮಾತು, ಇನ್ನೊಂದು, ಇಡೀ ಸಂಘ. ಹರ್ಮಿನಾ ಸುಲಭವಾದದ್ದನ್ನು ಆರಿಸಿಕೊಂಡರು.

ಮರುದಿನ ಕ್ಯಾಂಟೀನಿನ ಬಾಗಿಲ ಮೇಲೆ ಹೀಗೊಂದು ಪ್ರಕಟಣೆ ಇತ್ತು:

"ಸದಸ್ಯರ ಆರೋಗ್ಯದ ಹಿತದೃಷ್ಟಿಯಿಂದ, ಹಾಗೂ ಯಾವುದೇ ನಿರ್ದಿಷ್ಟ ಸದಸ್ಯರ ಮೊಣಕೈಯನ್ನು ಉದ್ದೇಶಿಸದೆ, ರಾಕೆಟ್ಟಿನ ಸರಿಯಾದ ತೂಕವನ್ನು ನಿರ್ಧರಿಸಲು ಸಮಾಲೋಚನಾ ಸಭೆ ಕರೆಯಲಾಗಿದೆ. ಪ್ರತಿಯೊಬ್ಬರ ಅಭಿಪ್ರಾಯವನ್ನೂ ಕೇಳಲಾಗುವುದು. ಅಭಿಪ್ರಾಯ ಇಲ್ಲದವರು ಬರುವಾಗ ಒಂದನ್ನು ತರತಕ್ಕದ್ದು."

ಅಧ್ಯಕ್ಷ ಗೈಸ್ಬರ್ಟ್ ಅದನ್ನು ಎರಡು ಸಲ ಓದಿದರು. "ಯಾರ ಮೊಣಕೈ ಹರ್ಮಿನಾ?"

"ಯಾರದ್ದೂ ಅಲ್ಲ ಅಂತ ಬರೆದಿದೆಯಲ್ಲ."

"ಅದಕ್ಕೇ ಕೇಳಿದೆ."

ಭಾನುವಾರ ಹರ್ಮಿನಾ ಇಡೀ ಕುಟುಂಬವನ್ನು ಬಟಾಣಿ ಸೂಪಿಗೆ ಕರೆದರು. ಚಮಚ ನಿಲ್ಲುವಷ್ಟು ಗಟ್ಟಿಯಾದ ಸೂಪು. ಆ ಮನೆಯಲ್ಲಿ ಅಪ್ಪಣೆಗಳೂ ಅಷ್ಟೇ ಗಟ್ಟಿ. ಎಲ್ಲರೂ ಎರಡನೇ ಸಲ ಬಡಿಸಿಕೊಂಡ ಮೇಲೆ ವಿಷಯ ತೆಗೆದರು.

"ಗುರುವಾರ ಸಭೇಲಿ ನಾನು ಭಾರದ ರಾಕೆಟ್ ಪರವಾಗಿ ಮಾತಾಡ್ತೀನಿ. ನೀವೆಲ್ಲ ನನ್ನ ವಿರುದ್ಧ ಮಾತಾಡ್ಬೇಕು. ಒಬ್ಬೊಬ್ಬರೂ ಇನ್ನೂರೈವತ್ತು, ಇನ್ನೂರರವತ್ತು ಅನ್ಬೇಕು."

ಟೇಬಲ್ಲಿನ ಸುತ್ತ ಚಮಚಗಳು ನಿಂತವು.

"ಅಮ್ಮಾ, ನಿನ್ನ ವಿರುದ್ಧ ಮಾತಾಡೋದಾ?" ಎಂದಳು ಸಾಸ್ಕಿಯಾ. "ನಲವತ್ತು ವರ್ಷದಿಂದ ಅಭ್ಯಾಸಾನೇ ಇಲ್ಲ."

"ಈ ಸಲ ಅಪ್ಪಣೆ ಇದೆ."

"ಯಾಕೆ ಅಂತ ಕೇಳಬಹುದಾ?"

"ಅದಕ್ಕೆ ಅಪ್ಪಣೆ ಇಲ್ಲ."

ಗಂಡ ವೆಸೆಲ್ ಸೂಪಿನೊಳಗೇ ನಗು ನುಂಗಿ ಕೆಮ್ಮಿದರು. ಹರ್ಮಿನಾ ಅವರನ್ನು ನೋಡಿದರು. "ಅದು ಒಪ್ಪಿಗೆಯ ಕೆಮ್ಮು," ಎಂದು ವೆಸೆಲ್ ಕೂಡಲೇ ತಿಳಿಸಿದರು.

ಗುರುವಾರ ಸಭೆ ಸೇರಿತು. ಬಿಸ್ಕತ್ತಿನ ಡಬ್ಬಿ ತೆರೆದು, ಒಬ್ಬರಿಗೊಂದರಂತೆ ಕೊಟ್ಟು, ಇನ್ನೊಂದು ಸಿಗುತ್ತದೆಂದು ಯಾರೂ ತಪ್ಪು ತಿಳಿಯದಂತೆ ಮತ್ತೆ ಮುಚ್ಚಳ ಹಾಕಿದ ಮೇಲೆ ಅಧ್ಯಕ್ಷರು ಮಾತಿಗೆ ನಿಂತರು. ಗೈಸ್ಬರ್ಟ್ ಜೀವಮಾನವಿಡೀ ನೀರುಮಂಡಳಿಯಲ್ಲಿದ್ದು ಕಾಲುವೆಗಳ ಮಟ್ಟ ನಿಗದಿಮಾಡಿದವರು. ಜಗತ್ತಿನ ಸಕಲ ಸಮಸ್ಯೆಯೂ ಅವರಿಗೆ ಕಾಲುವೆಯಾಗಿಯೇ ಕಾಣುತ್ತದೆ.

"ನೋಡಿ, ರೈತನಿಗೆ ಕಾಲುವೆ ತಗ್ಗಿರಬೇಕು, ಹೊಲ ಒಣಗತ್ತೆ. ಹಕ್ಕಿ ನೋಡೋರಿಗೆ ಕಾಲುವೆ ಉಕ್ಕಿರಬೇಕು, ಬಾತು ಬರತ್ತೆ. ನಾವು ಇಬ್ಬರನ್ನೂ ಕೇಳ್ತೀವಿ, ಮಧ್ಯದಲ್ಲಿ ಒಂದು ಗೆರೆ ಎಳೀತೀವಿ. ಇಬ್ಬರಿಗೂ ಬೇಡವಾದ ಮಟ್ಟ ಯಾವುದೋ ಅದೇ ನ್ಯಾಯವಾದ ಮಟ್ಟ. ಆಮೇಲೆ ಯಾರೂ ಜಗಳ ಆಡೋಲ್ಲ, ಯಾಕಂದ್ರೆ ಯಾರೂ ಗೆದ್ದಿರೋಲ್ಲ. ರಾಕೆಟ್ಟಿಗೂ ಅದೇ. ಒಬ್ಬೊಬ್ಬರೂ ತಮ್ಮ ತೂಕ ಹೇಳಿ, ಕೂಡಿಸಿ ಭಾಗಿಸೋಣ."

"ಆದ್ರೆ ಒಬ್ಬೊಬ್ಬರ ಕೈ ಒಂದೊಂದು ಥರ ಅಲ್ವಾ?" ಎಂದ ಬೇಕರಿಯ ಔಕೆ. ಅವನ ಕೈ ಬೇರೆಯವರ ತೊಡೆಯಷ್ಟಿತ್ತು.

"ಒಬ್ಬೊಬ್ಬರ ನೆಲಮಾಳಿಗೇನೂ ಒಂದೊಂದು ಥರ. ಕಾಲುವೆ ಒಂದೇ," ಎಂದರು ಗೈಸ್ಬರ್ಟ್. ಔಕೆ ಕುಳಿತುಕೊಂಡ.

ಹರ್ಮಿನಾ ಭಾರದ ಪರವಾಗಿ ಮಾತಾಡಿದರು. ನಮ್ಮ ಪೂರ್ವಿಕರು ಸಮುದ್ರವನ್ನು ಹಿಂದಕ್ಕೆ ತಳ್ಳಿದ್ದು ಹಗುರ ಸಲಿಕೆಗಳಿಂದಲ್ಲ ಎಂದರು. ಮಾತು ಎಷ್ಟು ಚೆನ್ನಾಗಿ ಬಂತೆಂದರೆ, ಇನ್ನೂರೆಪ್ಪತ್ತು ಎನ್ನಬೇಕೆಂದಿದ್ದ ನಾಲ್ಕಾರು ಜನ ನಾಚಿ ಮುನ್ನೂರು ಎಂದರು. ಹರ್ಮಿನಾ ತಮ್ಮ ಮಾತುಗಾರಿಕೆಯನ್ನು ಮೊದಲ ಬಾರಿಗೆ ಶಪಿಸಿಕೊಂಡರು. ಅಷ್ಟರಲ್ಲಿ ಕುಟುಂಬ ಕಾಪಾಡಿತು. ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ಇನ್ನೂರೈವತ್ತು, ಇನ್ನೂರರವತ್ತು ಎಂದರು. ಅವಕಾಶ ಮತ್ತೆ ಸಿಕ್ಕದೆಂದು ಸಾಸ್ಕಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮಮ್ಮ ಹೇಳೋದೆಲ್ಲ ಸರಿ ಇರಲೇಬೇಕು ಅಂತೇನಿಲ್ಲ," ಎಂದಳು. ಹರ್ಮಿನಾ ನೊಂದವರಂತೆ ತಲೆತಗ್ಗಿಸಿ, ಆ ವಾಕ್ಯ ಅಪ್ಪಣೆಯೊಳಗೆ ಬರುತ್ತದೆಯೇ ಎಂದು ಯೋಚಿಸಿದರು.

ಕೂಡಿಸಿ ಭಾಗಿಸಲಾಗಿ ಇನ್ನೂರೆಂಬತ್ತೈದು ಬಂತು. ಅದು ಯಾರೂ ಕೇಳಿರದ ತೂಕವಾಗಿತ್ತು. ಚಪ್ಪಾಳೆ ಬಿತ್ತು.

ನಮ್ಮಲ್ಲಿ ಸಭೆ ಮುಗಿಯುವ ಮುನ್ನ ಸುತ್ತುಪ್ರಶ್ನೆ ಎಂಬುದೊಂದಿದೆ, ಕುಳಿತವರನ್ನೆಲ್ಲ ಸಾಲಾಗಿ "ಇನ್ನೇನಾದರೂ ಇದೆಯೇ?" ಎಂದು ಕೇಳಬೇಕು. ನೂರಕ್ಕೆ ತೊಂಬತ್ತು ಪಾಲು ಯಾರಿಗೂ ಏನೂ ಇರುವುದಿಲ್ಲ. ಅಂದು ಫೆನ್ನಾಳಿಗೆ ಇತ್ತು.

"ಇನ್ನೂರೆಂಬತ್ತೈದು ಅಂದ್ರೆ ತಂತಿ ಸೇರಿಸಿಯೋ, ಬಿಟ್ಟೋ?"

ಸಭೆ ಅವಳ ಕಡೆ ತಿರುಗಿತು.

"ಅಲ್ಲ, ರಾಕೆಟ್ ಮೇಲೆ ಅಚ್ಚು ಹಾಕಿರೋ ತೂಕ ತಂತಿ ಬಿಟ್ಟು ಇರತ್ತೆ. ತಂತಿ ಬಿಗಿದರೆ ಹದಿನಾರು ಹದಿನೇಳು ಗ್ರಾಂ ಜಾಸ್ತಿ ಆಗತ್ತೆ. ಸುಮ್ನೆ ಕೇಳಿದೆ."

ಗೈಸ್ಬರ್ಟ್ ಗಡಿಯಾರ ನೋಡಿದರು. "ಅಚ್ಚಾಗಿರೋದೇ ಪ್ರಮಾಣ. ತಂತಿ ಬಿಟ್ಟು ಅಂತ ಬರ್ಕೊಳ್ಳಿ ಹರ್ಮಿನಾ."

ಹರ್ಮಿನಾ ಬರೆದುಕೊಂಡರು. ಬರೆಯುವಾಗ ಅವರ ಮನಸ್ಸು ಮಂಗಳವಾರದ ಮೇಲಿತ್ತು. ಅಂತಿಮವಾಗಿ ನಿಯಮ ಹೀಗಾಯಿತು: "ಪ್ರತಿ ರಾಕೆಟ್ಟೂ ತಂತಿಯಿಲ್ಲದೆ ಇನ್ನೂರೆಂಬತ್ತೈದು ಗ್ರಾಂ ತೂಗತಕ್ಕದ್ದು. ತೂಗಿದ್ದಕ್ಕೆ ಹಸಿರು ಮುದ್ರೆ ಹಾಕಲಾಗುವುದು. ಮುದ್ರೆ ಬಿದ್ದ ಮೇಲೆ ರಾಕೆಟ್ಟಿಗೆ ಏನನ್ನಾದರೂ ಸೇರಿಸಿದರೆ ಅಥವಾ ತೆಗೆದರೆ ಮುದ್ರೆ ತಾನಾಗಿಯೇ ರದ್ದಾಗುವುದು. ಮುದ್ರೆಯಿಲ್ಲದ ರಾಕೆಟ್ಟಿಗೆ ಅಂಗಳದೊಳಗೆ ಪ್ರವೇಶವಿಲ್ಲ."

ಕೊನೆಯ ಎರಡು ವಾಕ್ಯ ಹರ್ಮಿನಾರ ಸ್ವಂತ ಕೊಡುಗೆ. ಕೋರಾ ಎಲ್ಲಾದರೂ ಸೀಸದ ಪಟ್ಟಿ ಅಂಟಿಸಿಕೊಂಡು ಬಂದು ತೂಗಿಸಿ, ಆಮೇಲೆ ಕಿತ್ತುಹಾಕಿಯಾಳು ಎಂಬ ಮುಂಜಾಗ್ರತೆ.

ಊರು ಕೆಲಸಕ್ಕೆ ಬಿತ್ತು. ಹಗುರದವರು ಸೀಸದ ಪಟ್ಟಿ ಅಂಟಿಸಿದರು. ಭಾರದವರು ಹಿಡಿಕೆಯ ಸುತ್ತು ಬಿಚ್ಚಿದರು. ಬೇಕರಿಯ ಔಕೆ ಚೀಸ್ ಹೆರೆಯುವ ಕೈಹತ್ಯಾರದಿಂದ ಹಿಡಿಕೆಯನ್ನೇ ತೆಳ್ಳಗೆ ತೆಳ್ಳಗೆ ಹೆರೆದ. ಅವನ ಕೈಯಲ್ಲಿ ರಾಕೆಟ್ಟೀಗ ಐಸ್‌ಕ್ರೀಮ್ ಕಡ್ಡಿಯಂತೆ ಕಾಣುತ್ತಿತ್ತು. ಹರ್ಮಿನಾ ಮುಖ ಬಾಡಿಸಿಕೊಂಡು, "ಸಂಘದ ತೀರ್ಮಾನಕ್ಕೆ ತಲೆಬಾಗಲೇಬೇಕಲ್ಲ," ಎಂದು ಎಲ್ಲರಿಗೂ ಕೇಳುವಂತೆ ನಿಟ್ಟುಸಿರಿಟ್ಟು, ಮುದ್ದಾದ ಇನ್ನೂರೆಂಬತ್ತೈದರ ಹೊಸ ರಾಕೆಟ್ಟೊಂದನ್ನು ತಂದರು. ಮನೆಯ ಮುಂದೆ ಎರಡು ಸಲ ಗಾಳಿಯಲ್ಲಿ ಬೀಸಿದರು. ಸೂಜಿ ಚುಚ್ಚಲಿಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ವೆಸೆಲ್ಲರಿಗೆ ಎರಡು ಬಿಸ್ಕತ್ತು ಸಿಕ್ಕಿತು.

ತಪಾಸಣೆ ಕ್ಯಾಂಟೀನಿನಲ್ಲಿ, ಚೀಸ್ ತೂಗುವ ತಕ್ಕಡಿಯಲ್ಲಿ ನಡೆಯಿತು. ಮಾದರಿಯಾಗಲೆಂದು ಮೊದಲ ರಾಕೆಟ್ ಕಾರ್ಯದರ್ಶಿಗಳದ್ದು.

"ಮುನ್ನೂರ ಎರಡು," ಎಂದು ಓದಿದರು ಗೈಸ್ಬರ್ಟ್.

"ತಂತಿ ಇದೆಯಲ್ಲ."

"ಇದೆ. ಆದರೆ ತಂತಿಯಿಲ್ಲದೆ ತೂಗತಕ್ಕದ್ದು ಅಂತ ನೀವೇ ಬರೆದಿದೀರಿ."

"ಹದಿನೇಳು ಕಳೆದರೆ ಆಯ್ತಪ್ಪ."

"ಕಳೆಯೋದು ಅಂದಾಜು. ತೂಗೋದು ತಪಾಸಣೆ. ಕಾಲುವೇನ ಅಂದಾಜಲ್ಲಿ ಅಳೆದಿದ್ದರೆ ನೀವೀಗ ದೋಣೀಲಿ ಕೂತು ಮಾತಾಡ್ತಿದ್ರಿ."

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಕೋರಾ ಇನ್ನೂ ಚೆನ್ನಾಗಿ ನೋಡುತ್ತಿದ್ದಳು. ಹರ್ಮಿನಾ ತಾವೇ ಕತ್ತರಿ ತೆಗೆದುಕೊಂಡು ಹೊಚ್ಚಹೊಸ ತಂತಿಗಳನ್ನು ಕತ್ತರಿಸಿದರು. ತಕ್ಕಡಿ ಇನ್ನೂರೆಂಬತ್ತೈದಕ್ಕೆ ಬಂದು ನಿಂತಿತು. ಹಸಿರು ಮುದ್ರೆ ಬಿತ್ತು. ಕಾರ್ಯದರ್ಶಿಯೇ ಕತ್ತರಿಸಿದ ಮೇಲೆ ತಮ್ಮದೇನು ದೊಡ್ಡದು ಎಂದು ಮಿಕ್ಕವರೂ ಕತ್ತರಿಸಿದರು. ಸಂಜೆಯ ಹೊತ್ತಿಗೆ ಕ್ಯಾಂಟೀನಿನ ನೆಲ ಕ್ಷೌರದಂಗಡಿಯಂತಾಗಿತ್ತು. ಪಾಳಿಯವರು ಗುಡಿಸಿದರು.

ಹೊಸ ತಂತಿ ಬಿಗಿಸಲು ಕೊಡಬೇಕೆಂದಾಗ ತೊಡಕು ಎದುರಾಯಿತು. ತಂತಿ ಬಿಗಿಯುವುದೆಂದರೆ ಸೇರಿಸುವುದು. ಸೇರಿಸಿದರೆ ಮುದ್ರೆ ರದ್ದು. ಮುದ್ರೆ ಬೇಕೆಂದರೆ ಮತ್ತೆ ತೂಗಬೇಕು. ತೂಗಬೇಕೆಂದರೆ ಕತ್ತರಿಸಬೇಕು.

ತುರ್ತುಸಭೆ ಸೇರಿತು. ಡಬ್ಬಿ ತೆರೆಯಿತು, ಮುಚ್ಚಿತು.

"ಸರಳ. ನಿಯಮ ತೆಗೆದುಬಿಡೋಣ," ಎಂದ ಸಾಸ್ಕಿಯಾಳ ಗಂಡ.

ಔಕೆ ಎದ್ದುನಿಂತು ತನ್ನ ಕಡ್ಡಿ ಎತ್ತಿ ತೋರಿಸಿದ. "ತೆಗೆಯೋದಾ? ನಾನು ಹೆರೆದುಬಿಟ್ಟಿದ್ದೀನಲ್ಲ! ಹೆರೆದದ್ದನ್ನ ಮತ್ತೆ ಅಂಟಿಸಿ ಕೊಡ್ತೀರಾ?"

"ಎಲ್ಲರೂ ಒಪ್ಪಿ ಮಾಡಿದ್ದು," ಎಂದರು ಗೈಸ್ಬರ್ಟ್. "ತೆಗೀಬೇಕಾದ್ರೂ ಎಲ್ಲರೂ ಒಪ್ಪಬೇಕು. ಔಕೆ ಒಪ್ಪಲ್ಲ. ಆದರೆ ಒಂದು ದಾರಿ ಇದೆ. ಈ ನಿಯಮ ಯಾರಿಗೆ ಬೇಕಾಗಿತ್ತೋ ಅವರು ಎದ್ದು, ನನಗಿನ್ನು ಬೇಡ ಅಂದ್ರೆ ಸಾಕು, ಔಕೆಗೆ ನಾನೇ ಹೊಸ ಹಿಡಿಕೆ ಕೊಡಿಸ್ತೀನಿ. ಯಾರಿಗೆ ಬೇಕಾಗಿತ್ತು?"

ಎಣ್ಣೆಯಲ್ಲಿ ಉಂಡೆಗಳು ಮಾತ್ರ ಚುಯ್ಯೆನ್ನುತ್ತಿದ್ದವು. ಮಕ್ಕಳು ಮೇಜು ನೋಡಿದರು. ವೆಸೆಲ್ ಚಾವಣಿ ನೋಡಿದರು. ಫೆನ್ನಾ ನೇರವಾಗಿ ಹರ್ಮಿನಾರನ್ನೇ ನೋಡಿದಳು.

ಎದ್ದು ನಿಂತು ನಾಲ್ಕು ಶಬ್ದ ಹೇಳಿದರೆ ಮುಗಿಯುತ್ತಿತ್ತು. ಆ ನಾಲ್ಕು ಶಬ್ದ ಹರ್ಮಿನಾರ ಗಂಟಲವರೆಗೂ ಬಂದವು. ಮೂರನೇ ಸಾಲಿನಲ್ಲಿ ಕೋರಾ ತನ್ನ ಕುರ್ಚಿಯನ್ನು ಸ್ವಲ್ಪ ಮುಂದೆಳೆದುಕೊಂಡಳು. ಹರ್ಮಿನಾ ತಲೆಬಗ್ಗಿಸಿ ನಡಾವಳಿಯಲ್ಲಿ ಬರೆದರು: "ಯಾರೂ ಮಾತನಾಡಲಿಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಮೇ ಒಂದರಿಂದ ಔಡರ್‌ವೀನಿನಲ್ಲಿ ಟೆನ್ನಿಸನ್ನು ತಂತಿಯಿಲ್ಲದೆ ಆಡಲಾಗುತ್ತಿದೆ.

ಮೊದಲ ವಾರ ಕೆಲವರಿಗೆ ಹೊಸದೆನಿಸಿತು. ನಮ್ಮವರು ಯಾವುದಕ್ಕೂ ಬೇಗ ಒಗ್ಗಿಕೊಳ್ಳುತ್ತಾರೆ. ಸಮುದ್ರಮಟ್ಟದ ಕೆಳಗೆ ಮನೆ ಕಟ್ಟಿಕೊಂಡು ಅಲ್ಲಿಯೇ ಟ್ಯೂಲಿಪ್ ಬೆಳೆದವರಿಗೆ ತಂತಿ ಒಂದು ಲೆಕ್ಕವೇ? ಚೆಂಡು ಚೌಕಟ್ಟಿಗೆ ತಗಲದೆ ನಡುವಿನಿಂದ ಸ್ವಚ್ಛವಾಗಿ ಹಾದುಹೋದರೆ ಉತ್ತಮ ಹೊಡೆತವೆಂದು ಪರಿಗಣಿಸಲಾಯಿತು. ಚೌಕಟ್ಟಿಗೆ ತಗುಲಿ ಚೆಂಡು ಬಲೆ ದಾಟಿದರೆ ತಪ್ಪು. ಹಾಗೆ ಮಾಡಿದವರು ಎದುರಾಳಿಯ ಕ್ಷಮೆ ಕೇಳಬೇಕು. ಬೇಲಿಯಾಚೆಯ ಮನೆಯಾತ ಚೆಂಡಿನ ಸದ್ದಿನ ಬಗ್ಗೆ ವರ್ಷಗಟ್ಟಲೆ ದೂರು ಬರೆಯುತ್ತಿದ್ದವನು, ಸೇಬಿನ ಟಾರ್ಟ್ ಕಳುಹಿಸಿದ. ಯೆಲ್ಕಾಳ ಬಳಿಗೆ ಹೋಗುವವರೇ ಇಲ್ಲವಾದರು.

ಹೋದವರು ಒಬ್ಬರೇ. ಯೆಲ್ಕಾ ಮೊಣಕೈಯನ್ನು ಒತ್ತಿದಳು, ತಿರುಗಿಸಿದಳು, ಇನ್ನೊಮ್ಮೆ ಒತ್ತಿದಳು.

"ಪೂರ್ತಿ ವಾಸಿ. ಈಗ ಬಾಣಲೆ ಬೇಕಾದ್ರೂ ಬೀಸಿ. ಏನು ಮಾಡಿದ್ರಿ?"

"ಸರಿಯಾದ ತೂಕ ಆರಿಸಿಕೊಂಡೆ," ಎಂದರು ಹರ್ಮಿನಾ.

ಮನೆಗೆ ಬಂದು ಹಜಾರದ ಬೀರುವಿನ ಮೇಲಿದ್ದ ಮುನ್ನೂರ ನಲವತ್ತೈದನ್ನು ಕೆಳಗಿಳಿಸಿದರು. ಅದರ ತಂತಿ ಹಾಗೆಯೇ ಬಿಗಿಯಾಗಿತ್ತು. ಕೋಟಿನ ಜೇಬಿನಿಂದ ಚೆಂಡೊಂದನ್ನು ತೆಗೆದು ತಂತಿಯ ಮೇಲೆ ಒಮ್ಮೆ ಪುಟಿಸಿದರು. ಟಕ್. ಎಷ್ಟು ಹಿತವಾದ ಸದ್ದು! ಇನ್ನೊಮ್ಮೆ ಪುಟಿಸಿದರು.

"ಏನದು ಸದ್ದು?" ಅಡಿಗೆಮನೆಯಿಂದ ವೆಸೆಲ್ ಕೂಗಿದರು.

"ಏನಿಲ್ಲ ರೀ," ಎಂದರು ಹರ್ಮಿನಾ. "ಬೀರುವಿನ ಮೇಲಿನ ಧೂಳು ಹೊಡೀತಿದೀನಿ."

ಮುಂದಿನ ಮಂಗಳವಾರ ಪಕ್ಕದೂರು ಝೌಟ್‌ಹುಕ್ಕಿನಿಂದ ಎದುರಾಳಿ ಜೋಡಿ ಬಂತು. ಅವರ ರಾಕೆಟ್ಟುಗಳಲ್ಲಿ ತಂತಿ ಇತ್ತು. ನಮ್ಮವರನ್ನು ನೋಡಿ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಕೊನೆಗೆ ಅವರಲ್ಲೊಬ್ಬಾಕೆ, ಬಂದ ಮನೆಯಲ್ಲಿ ಬೇರೆ ಥರ ಕಾಣಿಸಿಕೊಳ್ಳುವುದು ಸರಿಯಲ್ಲವೆಂಬಂತೆ, "ಕತ್ತರಿ ಇದೆಯಾ?" ಎಂದು ಮೆಲ್ಲಗೆ ಕೇಳಿದಳು. ಕ್ಯಾಂಟೀನಿನಲ್ಲಿ ಕತ್ತರಿಯನ್ನು ಈಗ ದಾರ ಕಟ್ಟಿಯೇ ಇಟ್ಟಿದ್ದೇವೆ.

ಆಟ ನಡೆಯಿತು. ಮೋಡ ಸರಿದು ಬಿಸಿಲು ಬಂತು. ಹರ್ಮಿನಾ ಎಡಬದಿಯಲ್ಲಿ, ತಮ್ಮ ಜಾಗದಲ್ಲಿ ನಿಂತಿದ್ದರು. ಬದಿ ಬದಲಾಯಿಸುವಾಗ ಬೆಂಚಿನ ಮೇಲೆ ಕೂತು ಇಬ್ಬರೂ ನೀರು ಕುಡಿದರು.

"ಮೊಣಕೈ ಹೇಗಿದೆ?" ಎಂದಳು ಫೆನ್ನಾ.

"ಯಾವ ಮೊಣಕೈ?"

ಫೆನ್ನಾ ಬಾಟಲಿಯ ಮುಚ್ಚಳ ತಿರುಗಿಸಿದಳು. ಹರ್ಮಿನಾ ಅಂಗಳದ ಕೆಂಪು ಮಣ್ಣನ್ನು ನೋಡಿದರು. ಅಲ್ಲಿ ನಡಾವಳಿ ಬರೆಯುವವರು ಯಾರೂ ಇರಲಿಲ್ಲ.

"ವಾಸಿಯಾಯ್ತು ಕಣೇ," ಎಂದರು. "ನಿನಗೆ ಯಾವಾಗ ಗೊತ್ತಾಯ್ತು?"

"ಮಾರ್ಚ್‌ನಲ್ಲೇ. ನನ್ನ ಕಾಫಿ ನಾನೇ ಸುರ್ಕೊಂಡಾಗ."

"ಮತ್ತೆ ಸಭೇಲಿ ಯಾಕೆ ಬಾಯಿಬಿಡಲಿಲ್ಲ? ನನ್ನನ್ನೇ ದುರುಗುಟ್ಕೊಂಡು ಕೂತಿದ್ದೆ."

"ನೀನೆಲ್ಲಿ ಎದ್ದು ನಿಜ ಹೇಳಿಬಿಡ್ತೀಯೋ ಅಂತ ಹೆದರಿ ನೋಡ್ತಿದ್ದೆ ಮಾರಾಯ್ತಿ. ಹೇಳಿದ್ರೆ ನಿಯಮ ಹೋಗೋದು, ನೀನು ಅಭಿಮಾನಕ್ಕೆ ಮತ್ತೆ ಆ ಬಾಣಲೆ ಹಿಡಿಯೋಳು, ಕೈ ಹೋಗೋದು. ಆಮೇಲೆ ಜೀವನಪೂರ್ತಿ ನಾನು ಕೋರಾ ಜೊತೆ ಆಡಬೇಕಿತ್ತು."

"ಕೋರಾ ಅಷ್ಟು ಕೆಟ್ಟದಾಗಿ ಆಡ್ತಾಳಾ?"

"ಚೆನ್ನಾಗೇ ಆಡ್ತಾಳೆ," ಎಂದಳು ಫೆನ್ನಾ ಎದ್ದುನಿಲ್ಲುತ್ತ. "ಬಾ, ನನ್ನ ಸರ್ವ್."

ಹರ್ಮಿನಾ ಎಡಬದಿಗೆ ಹೋಗಿ ಮೊಣಕಾಲು ಬಗ್ಗಿಸಿ ಸಿದ್ಧರಾದರು. ಫೆನ್ನಾ ಚೆಂಡನ್ನು ಮೇಲೆಸೆದು ಮೈಯೆಲ್ಲ ಬಿಲ್ಲಿನಂತೆ ಬಗ್ಗಿಸಿ ಬೀಸಿದಳು. ಚೆಂಡು ಚೌಕಟ್ಟಿನ ನಟ್ಟನಡುವಿನಿಂದ ಹಾದು, ಅವಳ ಬೂಟಿನ ಪಕ್ಕದಲ್ಲೇ ಬಿದ್ದಿತು.

"ಒಳ್ಳೇ ಸರ್ವ್," ಎಂದರು ಹರ್ಮಿನಾ. ಬಲೆಯಾಚೆಯವರೂ ಅದನ್ನು ಒಪ್ಪಿಕೊಂಡರು.